ಬೆಟ್ಟ ಹತ್ತಿಸುವ ಕೆಲಸ

ಡೆನ್ವರ್‌ನಿಂದ ಒಬ್ಬ ತಾಯಿ ಪತ್ರ ಬರೆದಿದ್ದಾರೆ. ಮಗನಿಗೆ 23 ವರ್ಷ, ಇಂಜಿನಿಯರಿಂಗ್ ಮುಗಿದಿದೆ. ಆಫೀಸು ಸೇರುವುದು ಬಿಟ್ಟು, ಈ ಚಳಿಗಾಲ ದೊಡ್ಡ ಸ್ಕೀ ಕಂಪನಿಯೊಂದರಲ್ಲಿ ಲಿಫ್ಟ್ ಆಪರೇಟರ್ ಆಗುತ್ತಾನಂತೆ, ಅಂದರೆ ಹಿಮದ ಮೇಲೆ ಜಾರಲು ಬಂದವರನ್ನು ಹಗ್ಗಕ್ಕೆ ತೂಗುಬಿಟ್ಟ ಕುರ್ಚಿಯಲ್ಲಿ ಕೂರಿಸಿ ಬೆಟ್ಟ ಹತ್ತಿಸುವವನು. "ದುಡ್ಡೂ ಕೊಡ್ತಾರೆ, ಸ್ಕೀಯಿಂಗೂ ಪುಕ್ಕಟೆ ಅಂತಾನೆ. ನನಗೇನೋ ದೂರದ ಬೆಟ್ಟ ನುಣ್ಣಗೆ ಅನ್ನಿಸುತ್ತೆ. ನೀವೂ ಆ ಕೆಲಸ ಮಾಡಿದ್ದಾಗಿ ಹಿಂದೊಮ್ಮೆ ಬರೆದಿದ್ದಿರಿ. ಕಳಿಸಲೋ ಬೇಡವೋ? ಕಳಿಸೋದಾದ್ರೆ ಜೊತೆಗೆ ಏನು ಕೊಟ್ಟು ಕಳಿಸಲಿ?" ಎಂದು ಕೇಳಿದ್ದಾರೆ.

ನಮಸ್ಕಾರ.

ಮೊದಲ ಪ್ರಶ್ನೆ ಬಿಟ್ಟುಬಿಡೋಣ. 23ರ ಹುಡುಗನನ್ನು ಕಳಿಸುವುದು ಬಿಡುವುದು ನಿಮ್ಮ ಕೈಯಲ್ಲಿಲ್ಲ, ಅದು ನಿಮಗೂ ಗೊತ್ತು. ಆದರೆ ಗಾದೆ ಸರಿಯಾದದ್ದನ್ನೇ ಹಿಡಿದಿದ್ದೀರಿ. ಇಲ್ಲಿ ಬೆಟ್ಟ ನಿಜಕ್ಕೂ ನುಣ್ಣಗಿರುತ್ತದೆ, ಹತ್ತಿರ ಹೋದರೂ ಅಷ್ಟೇ. ಯಾಕೆಂದರೆ ರಾತ್ರಿಯೆಲ್ಲ ಯಾರೋ ದೊಡ್ಡ ಯಂತ್ರ ಓಡಿಸಿ ಅದನ್ನು ನುಣ್ಣಗೆ ಮಾಡಿರುತ್ತಾರೆ. ಅವರಿಗೆ ಗ್ರೂಮರ್ ಅಂತಾರೆ. ಲಿಫ್ಟ್ ನಿಂತ ಮೇಲೆ ಅವರ ದಿನ ಶುರು. ಬೆಳಿಗ್ಗೆ ನೀವು ಫೋಟೋ ತೆಗೆಯುವ ಆ ಬಾಚಣಿಗೆ ಗೆರೆಗಳು ಅವರು ಎಳೆದದ್ದು. ಇನ್ನೊಂದು ತಂಡ ಹಿಮವನ್ನೇ ತಯಾರಿಸುತ್ತದೆ. ಗಾಳಿಯ ತೇವವನ್ನೂ ಲೆಕ್ಕಕ್ಕೆ ತಗೊಂಡ ಉಷ್ಣಾಂಶ ಸುಮಾರು ಮೈನಸ್ 2 ಡಿಗ್ರಿಗೆ ಇಳಿದರೆ ಸಾಕು, ನೀರು ಚಿಮ್ಮುವ ಗನ್ನುಗಳನ್ನು ಹಚ್ಚುತ್ತಾರೆ. ಅಂಥ ಚಳಿ ಸಿಗೋದು ಹೆಚ್ಚಾಗಿ ನಡುರಾತ್ರಿ. ಮೈಮೇಲೆ ನೀರು ಹಾರಿ ಕೋಟಿನ ತೋಳು ಹಲಗೆಯಾಗುತ್ತದೆ. ನಿಮ್ಮ ಮಗನಿಗೆ ಹಗಲ ಪಾಳಿ ಸಿಕ್ಕಿದೆ, ಪುಣ್ಯವಂತ.

ನಾನು ಮಾಡಿದ್ದು ಒಂದೇ ಸೀಸನ್, ಕೊಲೊರಾಡೊದಲ್ಲೇ. ಕಂಪನಿಯ ಹೆಸರು ಬೇಡ. ಅವನು ಮಾಡಲಿರುವುದೇ ನನ್ನ ಕೆಲಸವೂ ಆಗಿತ್ತು. ಲಿಫ್ಟಿ ಅಂತ ಕರೀತಾರೆ. ಬೆಳಿಗ್ಗೆ ಕತ್ತಲಿರುವಾಗಲೇ ಹೋಗಿ ಸಲಿಕೆ ಹಿಡಿಯಬೇಕು. ಜನ ಹತ್ತುವ ಜಾಗದ ಹಿಮ ಒಂದೇ ಮಟ್ಟಕ್ಕೆ ಬರಬೇಕು. ಒಂದು ಗೇಣು ತಗ್ಗಾದರೆ ಕುರ್ಚಿ ಮಂಡಿಗೆ ಬದಲು ತೊಡೆಗೆ ಬಡಿಯುತ್ತದೆ. ಆಮೇಲೆ ಒಂದೊಂದೇ ಕುರ್ಚಿ ಬರುತ್ತಿದ್ದಂತೆ ಪೊರಕೆಯಿಂದ ಹಿಮ ಗುಡಿಸುವುದು. ನೂರಾರು ಕುರ್ಚಿ. ಕೊನೆಯದನ್ನು ಗುಡಿಸುವ ಹೊತ್ತಿಗೆ ಮೊದಲನೆಯದರ ಮೇಲೆ ಮತ್ತೆ ಹಿಮ ಕೂತಿರುತ್ತದೆ.

ಹಳೇ ಕಾಲದ ಲಿಫ್ಟುಗಳಲ್ಲಿ ಕುರ್ಚಿ ಹಗ್ಗಕ್ಕೇ ಕಚ್ಚಿಕೊಂಡಿರುತ್ತದೆ, ಹತ್ತುವಾಗಲೂ ವೇಗ ಇಳಿಯುವುದಿಲ್ಲ. ಅಲ್ಲಿ ಲಿಫ್ಟಿ ಪ್ರತಿ ಕುರ್ಚಿಯನ್ನೂ ಕೈಯಲ್ಲಿ ಹಿಡಿದು, ಅರೆಕ್ಷಣ ಹಿಂದಕ್ಕೆ ತಡೆದು, ಕೂರುವವರ ಕಾಲಿಗೆ ಮೆತ್ತಗೆ ತಗಲುವಂತೆ ಬಿಡಬೇಕು. ಬಂಪ್ ಮಾಡೋದು ಅಂತಾರೆ. ಹಿಡಿಯುವುದು ಒಂದು ಕೈ, ಕಣ್ಣು ಮುಂದಿನ ಕುರ್ಚಿಗೆ ಕಾದಿರುವ ಮಗುವಿನ ಮೇಲೆ, ಇನ್ನೊಂದು ಕೈ ಸ್ಟಾಪ್ ಬಟನ್ನಿನ ಹತ್ತಿರ. ಹೀಗೆ ದಿನವಿಡೀ. ಮೊದಲ ವಾರ ರಾತ್ರಿ ಮಲಗಿದಾಗಲೂ ನನ್ನ ಬಲಗೈ ಕುರ್ಚಿ ಹಿಡಿಯುತ್ತಿತ್ತು. ಈಗ ದೊಡ್ಡ ರಿಸಾರ್ಟುಗಳಲ್ಲಿ ಹೆಚ್ಚಿನವು ಹಗ್ಗದಿಂದ ಕಳಚಿಕೊಂಡು ನಿಧಾನವಾಗುವ ಲಿಫ್ಟುಗಳು. ಮೈಗೆ ಸುಲಭ. ಬೇಜಾರು ಮಾತ್ರ ಜಾಸ್ತಿ.

ಆದರೂ ಆ ಕೆಲಸದಲ್ಲಿ ಒಂದು ಖುಷಿಯಿತ್ತು, ಸುಳ್ಳು ಹೇಳಲಾರೆ. ಸೂರ್ಯ ಹುಟ್ಟುವಾಗ ಇಡೀ ಬೆಟ್ಟದ ಮೇಲೆ ನಾವು ನಾಲ್ಕೇ ಜನ. ರಜೆಯ ದಿನ ತಾಜಾ ಹಿಮದ ಮೇಲೆ ಜಾರುವಾಗ ಸಂಬಳದ ಲೆಕ್ಕ ಯಾರಿಗೆ ಬೇಕು? ಕಂಪನಿಗೂ ಇದು ಚೆನ್ನಾಗಿ ಗೊತ್ತು. ಸಂಬಳದ ಒಂದು ಪಾಲನ್ನು ಅವರು ಬೆಟ್ಟದ ರೂಪದಲ್ಲೇ ಕೊಡುತ್ತಾರೆ. 23ರ ಹುಡುಗ ಅದನ್ನು ತಕರಾರಿಲ್ಲದೆ ತಗೋತಾನೆ. ಮೂವತ್ತೈದರ ಹೊತ್ತಿಗೆ, ಮಗು ಹುಟ್ಟಿದ ಮೇಲೆ, ಬೆಟ್ಟದಿಂದ ಬಾಡಿಗೆ ಕಟ್ಟೋಕಾಗಲ್ಲ ಅನ್ನೋದು ಅರಿವಾಗುತ್ತದೆ.

ಬಾಡಿಗೆ ಅಂದೆನಲ್ಲ, ನಿಮ್ಮ ಮಗನನ್ನು ಕೂರಿಸಿಕೊಂಡು ಮಾತಾಡಬೇಕಾದ್ದು ಅದನ್ನೇ. ಸ್ಕೀ ಬೆಟ್ಟಗಳನ್ನು ನಡೆಸುವ ವೇಲ್ ರಿಸಾರ್ಟ್ಸ್ ಕಂಪನಿ 2022ರಲ್ಲಿ ಉತ್ತರ ಅಮೆರಿಕದ ತನ್ನ ನೌಕರರಿಗೆ ಗಂಟೆಗೆ ಕನಿಷ್ಠ 20 ಡಾಲರ್ ಎಂದು ಘೋಷಿಸಿತು. ವಾರಕ್ಕೆ ನಲವತ್ತು ಗಂಟೆ ಸಿಕ್ಕರೆ 800 ಡಾಲರ್, ತೆರಿಗೆ ಕಳೆಯುವ ಮುಂಚೆ. "ಸಿಕ್ಕರೆ" ಅನ್ನೋದನ್ನು ಗಮನಿಸಿ. ನವೆಂಬರಿನಲ್ಲಿ ಹಿಮ ಬರದಿದ್ದರೆ ಲಿಫ್ಟ್ ಇಲ್ಲ, ಲಿಫ್ಟ್ ಇಲ್ಲದಿದ್ದರೆ ಗಂಟೆ ಇಲ್ಲ. ಮನೆ ಬಾಡಿಗೆ ಹಿಮ ಬಿತ್ತೋ ಇಲ್ಲವೋ ಅಂತ ನೋಡುವುದಿಲ್ಲ. ಆ ಊರುಗಳಲ್ಲಿ ಮನೆಗಳೆಲ್ಲ ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಹೋಗುತ್ತವೆ. ಪರಿಸ್ಥಿತಿ ಎಲ್ಲಿಗೆ ಬಂದಿದೆ ಅಂದ್ರೆ, ಕೊಲೊರಾಡೊದ ವೇಲ್ ಪಟ್ಟಣದ ಆಡಳಿತವೇ ಮನೆ ಮಾಲೀಕರಿಗೆ ದುಡ್ಡು ಕೊಡುತ್ತದೆ. ಇನ್ನು ಮುಂದೆ ಈ ಮನೆಯಲ್ಲಿ ಇಲ್ಲೇ ದುಡಿಯುವವರು ಮಾತ್ರ ಇರಬೇಕು ಅಂತ ಪತ್ರದಲ್ಲಿ ಬರೆಸಿಕೊಳ್ಳುತ್ತದೆ.

ಹಾಗಾಗಿ ಅವನು ಕಂಪನಿ ವಸತಿಯನ್ನೇ ಕೇಳಲಿ. ಸಿಗುವುದು ಖಾತರಿ ಆದ ಮೇಲೆ ಹೊರಡಲಿ. ಚಿಕ್ಕ ಕೋಣೆ, ಹಂಚಿಕೊಂಡ ಅಡುಗೆಮನೆ, ಬಾಡಿಗೆ ನೇರ ಸಂಬಳದಲ್ಲೇ ಮುರಿದುಕೊಳ್ಳುವುದೂ ಉಂಟು. ನಾನಿದ್ದ ಕಟ್ಟಡದಲ್ಲಿ ಪೆರು ಮತ್ತು ಅರ್ಜೆಂಟೀನಾದ ಕಾಲೇಜು ಹುಡುಗರೇ ಹೆಚ್ಚು. ಅವರ ಬೇಸಿಗೆ ರಜೆ ಇಲ್ಲಿಯ ಚಳಿಗಾಲಕ್ಕೆ ಸರಿಹೊಂದುತ್ತದಲ್ಲ, ಜೆ-1 ವೀಸಾದ ಮೇಲೆ ಬರುತ್ತಾರೆ. ನನಗಿಂತ ಎರಡರಷ್ಟು ದುಡಿಯುತ್ತಿದ್ದರು. ಹಗಲು ಲಿಫ್ಟ್, ಸಂಜೆ ಹೋಟೆಲ್ಲಿನಲ್ಲಿ ಪಾತ್ರೆ.

ಕಂಪನಿ ವಸತಿಗೆ ಇರುವ ಒಂದು ಕೊಂಡಿಯನ್ನೂ ತಿಳಿದುಕೊಳ್ಳಿ. ಕೆಲಸ ಇದ್ದರೆ ಮನೆ. 2020ರ ಮಾರ್ಚ್ 14ರ ಶನಿವಾರ, ಕೋವಿಡ್ ಶುರುವಿನಲ್ಲಿ, ವೇಲ್ ಮತ್ತು ಆಲ್ಟೆರಾ ಎರಡೂ ದೊಡ್ಡ ಕಂಪನಿಗಳು ಲಿಫ್ಟ್ ನಿಲ್ಲಿಸುವುದಾಗಿ ಪ್ರಕಟಿಸಿದವು. ಸೀಸನ್ ನಂಬಿ ಬಂದಿದ್ದವರಲ್ಲಿ ಎಷ್ಟೋ ಜನ ಕೆಲಸದ ಜೊತೆಗೆ ಕೋಣೆಯನ್ನೂ ಬಿಟ್ಟು ಹೊರಡಬೇಕಾಯಿತು. ನಿಮ್ಮ ಮಗನಿಗೆ ಡೆನ್ವರ್‌ನಲ್ಲಿ ಮನೆ ಇದೆ. ಅದು ಸಣ್ಣ ವಿಷಯ ಅಲ್ಲ.

ಈಗ ಕಂಪನಿಯ ವಿಷಯ. ವೇಲ್ ಬೆಟ್ಟ 1962ರ ಡಿಸೆಂಬರಿನಲ್ಲಿ ಶುರುವಾಯಿತು. ಕಟ್ಟಿದವರಲ್ಲಿ ಮುಖ್ಯ ಪೀಟ್ ಸೈಬರ್ಟ್, ಎರಡನೇ ಮಹಾಯುದ್ಧದ ಬೆಟ್ಟಪಡೆಯಲ್ಲಿದ್ದವನು, ಪಕ್ಕದ ಕ್ಯಾಂಪ್ ಹೇಲ್‌ನಲ್ಲೇ ತರಬೇತಾದವನು. ಅವತ್ತಿನ ಯಜಮಾನರು ಸ್ವತಃ ಸ್ಕೀ ಕಟ್ಟಿಕೊಂಡು ಲಿಫ್ಟಿನ ಬುಡಕ್ಕೆ ಬರುತ್ತಿದ್ದರು. ಇವತ್ತು ಅದೇ ಹೆಸರಿನ ಕಂಪನಿಗೆ ನಾಲ್ಕು ದೇಶಗಳಲ್ಲಿ ನಲವತ್ತಕ್ಕೂ ಹೆಚ್ಚು ರಿಸಾರ್ಟುಗಳಿವೆ. ಅದರ ಮುಖ್ಯ ಕಚೇರಿ ಡೆನ್ವರ್ ಹತ್ತಿರದ ಬ್ರೂಮ್‌ಫೀಲ್ಡ್‌ನಲ್ಲಿ. ಆಲ್ಟೆರಾದ್ದು ನಿಮ್ಮ ಡೆನ್ವರ್‌ನಲ್ಲೇ. ಅಂದರೆ ಮಗ ಯಾವ ಕಂಪನಿ ಸೇರಿದರೂ, ಅವನ ಬಾಸ್‌ನ ಬಾಸ್‌ನ ಬಾಸು ಅವನಿಗಿಂತ ನಿಮಗೇ ಹತ್ತಿರ! ನಗಬೇಡಿ, ಈ ಕೆಲಸದ ಬಹುಪಾಲು ಕಷ್ಟ ಆ ದೂರದಲ್ಲೇ ಇದೆ.

ಹೇಗೆ ಅಂತ ಹೇಳ್ತೀನಿ. 2008ರಲ್ಲಿ ವೇಲ್ ಕಂಪನಿ 579 ಡಾಲರಿಗೆ ಎಪಿಕ್ ಪಾಸ್ ತಂದಿತು. ಇಡೀ ಸೀಸನ್ನಿಗೆ ಒಂದೇ ಪಾಸ್, ಹಿಮ ಬೀಳುವ ಮುಂಚೆ ದುಡ್ಡು ಕಟ್ಟಬೇಕು. ಆಲ್ಟೆರಾ ಆಮೇಲೆ ಐಕಾನ್ ಪಾಸ್ ತಂದಿತು. ಗ್ರಾಹಕರಿಗೆ ಲಾಭವೇ. ಕಂಪನಿಗೂ ಹಿಮದ ಚಿಂತೆ ಅರ್ಧ ಹೋಯಿತು. ಆದರೆ ಆ ದಿನ ಒಂದು ಲಿಫ್ಟ್ ಮುಚ್ಚಿದ್ದರೆ ಬಂದವನು ಯಾರಿಗೆ ಬೈಯಬೇಕು? ಅವನ ದುಡ್ಡು ಬೇಸಿಗೆಯಲ್ಲೇ ಬ್ರೂಮ್‌ಫೀಲ್ಡ್ ಸೇರಿದೆ. ಕಣ್ಣೆದುರಿಗೆ ಇರೋದು ಸಲಿಕೆ ಹಿಡಿದ ಲಿಫ್ಟಿ.

2021ರಲ್ಲಿ ವೇಲ್ ಕಂಪನಿ ಪಾಸಿನ ಬೆಲೆಯನ್ನು ಶೇ. 20ರಷ್ಟು ಇಳಿಸಿತು, ಇಪ್ಪತ್ತು ಲಕ್ಷಕ್ಕೂ ಮೀರಿ ಪಾಸ್ ಹೋದವು. ಅದೇ ಚಳಿಗಾಲ ಕೆಲಸಕ್ಕೆ ಜನ ಸಿಗಲಿಲ್ಲ. ವಾಷಿಂಗ್ಟನ್ ರಾಜ್ಯದ ಸ್ಟೀವನ್ಸ್ ಪಾಸ್ ರಿಸಾರ್ಟಿನಲ್ಲಿ (ಇದು ಜಾಗದ ಹೆಸರು, ಅದೂ ವೇಲ್ ಕಂಪನಿಯದೇ) ಬೆಟ್ಟದ ತುಂಬ ಹಿಮ, ಲಿಫ್ಟ್ ನಡೆಸಲು ಜನ ಇಲ್ಲ. ನಲವತ್ತು ಸಾವಿರಕ್ಕೂ ಹೆಚ್ಚು ಮಂದಿ ಕಂಪನಿಯ ವಿರುದ್ಧದ ಅರ್ಜಿಗೆ ಸಹಿ ಹಾಕಿದರು. ಇಂಥ ಸಿಟ್ಟು ನನಗೂ ಒಮ್ಮೆ ಎದುರಾಗಿತ್ತು. ಗಾಳಿ ಜೋರಾಗಿ ಮೇಲಿನ ಲಿಫ್ಟ್ ನಿಂತಿತ್ತು. ಸ್ಕೀ ಮಾಡಲು ಬಂದಿದ್ದ ಒಬ್ಬ ಹಿರಿಯರು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಐದು ನಿಮಿಷ ಕೂಗಾಡಿದರು. ಗಾಳಿಯನ್ನೂ ನಾನೇ ತಂದಿದ್ದೆ ಅನ್ನೋ ಹಾಗೆ. ಸುಮ್ನೆ ಕೇಳಿಸಿಕೊಂಡೆ. ಅದೂ ಗಂಟೆ ಲೆಕ್ಕದಲ್ಲೇ ಬರುತ್ತದಲ್ಲ.

ಸ್ಕೀ ಪಾಠ ಹೇಳುವವರದ್ದು ಇನ್ನೊಂದು ಕತೆ. ದೊಡ್ಡ ರಿಸಾರ್ಟುಗಳಲ್ಲಿ ಹಬ್ಬದ ದಿನಗಳಲ್ಲಿ ಒಂದು ದಿನದ ಖಾಸಗಿ ಪಾಠಕ್ಕೆ ಸಾವಿರ ಡಾಲರ್ ದಾಟುತ್ತದೆ. ಕಲಿಸಿದವರ ಕೈಗೆ ಬರುವುದು ಅದರ ಸಣ್ಣ ತುಣುಕು, ಮೇಲೆ ಟಿಪ್ಸ್.

ಸ್ಕೀ ಪೆಟ್ರೋಲ್‌ನವರನ್ನು ಮಾತ್ರ ಮರೆಯಬಾರದು. ಬಂಡಿಗೆ ಹಾಕುವ ಪೆಟ್ರೋಲ್ ಅಲ್ಲ, ಕಾವಲು ಪಡೆ. ಬಿದ್ದವರನ್ನು ಸ್ಲೆಡ್ಜಿನಲ್ಲಿ ಕಟ್ಟಿ ಇಳಿಸುವವರು ಅವರೇ. ನಸುಕಿನಲ್ಲಿ ಸ್ಫೋಟಕ ಎಸೆದು, ಜನ ಬರುವ ಮುಂಚೆ ಹಿಮಕುಸಿತವನ್ನು ತಾವೇ ಆಗಿಸುವವರೂ ಅವರೇ. 2024ರ ಡಿಸೆಂಬರ್ 27ರಂದು, ವರ್ಷದಲ್ಲೇ ಅತಿ ಹೆಚ್ಚು ಜನ ಸೇರುವ ವಾರದಲ್ಲಿ, ಯೂಟಾದಲ್ಲಿ ವೇಲ್ ಕಂಪನಿಯದೇ ಆದ ಪಾರ್ಕ್ ಸಿಟಿ ರಿಸಾರ್ಟಿನಲ್ಲಿ ಇಂಥ ಸುಮಾರು 200 ಮಂದಿ ಮುಷ್ಕರಕ್ಕೆ ಕೂತರು. ಶುರುವಿನ ಕೂಲಿ ಗಂಟೆಗೆ 21 ಡಾಲರ್ ಇದ್ದದ್ದು 23 ಆಗಲಿ ಅಂತ. ಎರಡೇ ಡಾಲರ್! ಬೆಟ್ಟದ ಹೆಚ್ಚಿನ ಭಾಗ ತೆರೆಯಲೇ ಇಲ್ಲ, ಸಾಲುಗಳು ಹಾವಿನಂತೆ ಬೆಳೆದವು. ಸುಮಾರು ಎರಡು ವಾರದ ಮೇಲೆ ಕಂಪನಿ ಆ ಎರಡು ಡಾಲರ್ ಒಪ್ಪಿಕೊಂಡಿತು. ಬ್ರೂಮ್‌ಫೀಲ್ಡ್‌ಗೆ ಬೆಟ್ಟದ ಮಾತು ಕೇಳಿಸಿದ್ದು ಲಿಫ್ಟ್ ನಿಂತಾಗ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಹೆಲ್ತ್ ಇನ್ಶೂರೆನ್ಸಿನಲ್ಲಿ ಅವನ ಹೆಸರು ತೆಗೆಸಬೇಡಿ. 26 ತುಂಬುವವರೆಗೆ ತಂದೆತಾಯಿಯ ಪಾಲಿಸಿಯಲ್ಲಿ ಇರಬಹುದು. ಕೆಲಸದ ಹೊತ್ತಿನಲ್ಲಿ ಬಿದ್ದರೆ ಕಂಪನಿ ನೋಡಿಕೊಳ್ಳುತ್ತದೆ. ರಜೆಯ ದಿನ ಆ ಪುಕ್ಕಟೆ ಪಾಸಿನಲ್ಲಿ ಜಾರಿ ಮಂಡಿ ಮುರಿದುಕೊಂಡರೆ ಖರ್ಚು ಅವನದು. ನನ್ನ ಕೋಣೆಯ ಜೊತೆಗಾರ ಜನವರಿಯಲ್ಲಿ ಹಾಗೇ ಬಿದ್ದ, ಉಳಿದ ಸೀಸನ್ ಕಿಟಕಿಯಿಂದ ಬೆಟ್ಟ ನೋಡಿದ. ಕ್ರಿಸ್ಮಸ್ ಹೊತ್ತಿಗೆ ಮನೆಗೆ ಬಾ ಅಂತ ಕರೆಯಬೇಡಿ. ಆಗ ಯಾರಿಗೂ ರಜೆ ಸಿಗುವುದಿಲ್ಲ, ಅವನಿಗೆ ಸುಮ್ನೆ ಸಂಕಟ. ಬೇಕಿದ್ದರೆ ನೀವೇ ಹೋಗಿ ಬನ್ನಿ. ಹೋಗುವುದು ಬ್ರೆಕೆನ್‌ರಿಜ್‌ಗಾದರೆ ನಿಧಾನವಾಗಿ ಓಡಾಡಿ, ನೀರು ಜಾಸ್ತಿ ಕುಡಿಯಿರಿ. ಆ ಊರೇ 9,600 ಅಡಿ ಎತ್ತರದಲ್ಲಿದೆ.

ಮತ್ತೆ ಗ್ಲೌಸ್, ಒಳ್ಳೆಯವು, ಎರಡು ಜೊತೆ. ಸಲಿಕೆ ಹಿಡಿದು, ಕುರ್ಚಿ ಗುಡಿಸಿ, ಹತ್ತು ಗಂಟೆಗೆಲ್ಲ ಮೊದಲನೆಯದು ತೊಯ್ದು ತೊಪ್ಪೆಯಾಗುತ್ತದೆ. ಅದು ಲಿಫ್ಟಿನ ಗುಡಿಸಲಿನ ಹೀಟರ್ ಮೇಲೆ ಒಣಗುತ್ತಿರುವಾಗ ಎರಡನೆಯದು ಕೈಯಲ್ಲಿರಬೇಕು. ನಾನು ಒಂದೇ ಜೊತೆ ಒಯ್ದಿದ್ದೆ.