ಒಂದೇ ದಿನ ಇದ್ರೆ ಹೊಲಾಶೊವಿಟ್ಸೆಗೇ ಹೋಗಿ

ಪ್ರಾಗ್ ಟ್ರಿಪ್‌ನಲ್ಲಿ ಹಳ್ಳಿಮನೆ ನೋಡೋಕೆ ಒಂದೇ ದಿನ ಇದೆ, ಹೊಲಾಶೊವಿಟ್ಸೆ ಹಳ್ಳಿನಾ, ಹಳೇ ಮರದ ಮನೆಗಳನ್ನ ಬಯಲಲ್ಲಿ ಜೋಡಿಸಿರೋ ರೋಜ್ನೋವ್ ಮ್ಯೂಸಿಯಮ್ಮಾ, ಅಲ್ಲಿರೋದು ಒರಿಜಿನಲ್ ಮನೆಗಳೇನಾ ಅಂತ ಕೇಳಿದ್ರಲ್ಲ. ಹೊಲಾಶೊವಿಟ್ಸೆಗೇ ಹೋಗಿ ಸರ್, ದಕ್ಷಿಣದ ಚೆಸ್ಕೆ ಬುಡೆಯೊವಿಟ್ಸೆ ನಗರದ ಹತ್ರಾನೇ ಇದೆ, ಕೆರೆ ಇರೋ ಹುಲ್ಲುಬಯಲಿನ ಸುತ್ತ ಸಾಲುಮನೆ, ಮುಂದಿನ ಗೋಡೆಗಳ ನೆತ್ತಿ ಅಲೆ ಥರ ಬಾಗಿರುತ್ತೆ, ಅದರ ಮೇಲೆ ಗಾರೆ ಬಳ್ಳಿ, ಕಟ್ಟಿದ ಇಸವಿ. ಅರಮನೆ, ಚರ್ಚುಗಳ ಅಲಂಕಾರದ ಬರೋಕ್ ಶೈಲೀನ ರೈತರೇ ತಮ್ಮನೆಗೆ ಕಟ್ಟಿಸ್ಕೊಂಡಿದ್ದು ಅದು! ಎರಡನೇ ಮಹಾಯುದ್ಧ ಆದ್ಮೇಲೆ ಜರ್ಮನ್ ಮಾತಾಡೋರನ್ನ ಹೊರಗೆ ಹಾಕಿದ್ರು, ಊರು ಪಾಳುಬಿತ್ತು, ಹೊಸದಾಗಿ ಕಟ್ಟೋರೂ ಇಲ್ದೆ ಹಳೇದೇ ಉಳ್ಕೊಳ್ತು, 1998ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರ್ತು. ಈಗ್ಲೂ ಜನ ವಾಸ ಇದಾರೆ, ಅದಕ್ಕೇ ನನಗಿಷ್ಟ.

ರೋಜ್ನೋವ್ ಜೆಕ್ ದೇಶದ ಪೂರ್ವದ ತುದೀಲಿದೆ, ಒಂದು ದಿನಕ್ಕೆ ದೂರ. 1925ರಲ್ಲಿ ಶುರುವಾದ ಮ್ಯೂಸಿಯಂ, ಊರಿನ ಮರದ ಟೌನ್‌ಹಾಲನ್ನೇ ಬಿಚ್ಚಿ ತಂದು ಜೋಡಿಸಿದಾರೆ, ಆದ್ರೆ ಕೆಲವು ಮನೆಗಳು ನಕಲು. ನಕಲು ಅಂತ ತಾತ್ಸಾರ ಬೇಡ, ಅದನ್ನ ಕಟ್ಟೋ ನೆಪದಲ್ಲೇ ಕೈಕೆಲಸ ಉಳಿಯೋದು. ದಿಮ್ಮಿ ಮಧ್ಯದ ಸಂದಿಗೆ ಪಾಚಿ ತುರುಕಿ ಮೇಲೆ ಮಣ್ಣು ಮೆತ್ತೋದು ಪುಸ್ತಕ ಓದಿದ್ರೆ ಬರಲ್ಲ. ಹತ್ತಿರದ ಪುಸ್ತೆವ್ನಿ ಬೆಟ್ಟದಲ್ಲಿ ವಾಸ್ತುಶಿಲ್ಪಿ ಯುರ್ಕೊವಿಚ್ ಕಟ್ಟಿದ ಲಿಬುಶಿನ್ ಅನ್ನೋ ಮರದ ಕಟ್ಟಡ 2014ರಲ್ಲಿ ಸುಟ್ಟುಹೋದಾಗ ಹಳೇ ವಿಧಾನದಲ್ಲೇ ಮತ್ತೆ ಕಟ್ಟಿ 2020ರಲ್ಲಿ ತೆರೆದ್ರು, ಇನ್ನೊಂದೆರಡು ದಿನ ಸಿಕ್ರೆ ಅಲ್ಲಿಗೂ ಹೋಗಿಬನ್ನಿ.