ಹೊಲದ ಮನೆಗೆ ಯಾವ ಬಂದೂಕು? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಸಂಡೂರು ತಾಲ್ಲೂಕಿನ ದರೋಜಿ ಹತ್ತಿರ ಹೊಲದಲ್ಲೇ ಮನೆ ಕಟ್ಟಿಕೊಂಡಿದ್ದೇವೆ. ಸುತ್ತ ಬೇರೆ ಮನೆಗಳಿಲ್ಲ. ಬೋರ್‌ವೆಲ್ ಕೇಬಲ್ ಎರಡು ಸಲ ಕಳುವಾಗಿದೆ, ರಾತ್ರಿ ಕರಡಿ ಭಯವೂ ಇದೆ. ಮನೆಯಲ್ಲಿ ಅವ್ವ, ಹೆಂಡತಿ, ಇಬ್ಬರು ಸಣ್ಣ ಮಕ್ಕಳು. 12 ಬೋರ್ ಬಂದೂಕು ತಗೋಬೇಕು ಅಂತಿದ್ದೇನೆ. ಜೋಡುನಳಿಗೆಯದೋ, ಪಂಪ್ ಆ್ಯಕ್ಷನ್ನೋ? ಜೊತೆಗೆ ಏನೇನು ಹಾಕಿಸಬೇಕು?

ಉತ್ತರ: ಜೋಡುನಳಿಗೆಯದನ್ನೇ ತಗೊಳ್ಳಿ. ನಡುವೆ ಬಾಗಿಸಿ ತೆರೆದರೆ ಒಳಗೆ ತೋಟಾ ಇದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಕತ್ತಲಾಗಿದ್ದರೆ ಬೆರಳಿಟ್ಟು ನೋಡಬಹುದು. ಮಕ್ಕಳಿರುವ ಮನೆಯಲ್ಲಿ ಇದಕ್ಕಿಂತ ದೊಡ್ಡ ಗುಣ ಬಂದೂಕಿಗೆ ಬೇಡ. ಪಂಪ್ ಆ್ಯಕ್ಷನ್‌ನಲ್ಲಿ ಹೆಚ್ಚು ತೋಟಾ ಹಿಡಿಯುತ್ತವೆ, ನಿಜ. ಆದರೆ ಗಾಬರಿಯಲ್ಲಿ ಮುಂಗೈ ಹಿಡಿಯನ್ನು ಪೂರ್ತಿ ಹಿಂದಕ್ಕೆ ಎಳೆಯದೆ ಅರ್ಧಕ್ಕೇ ಮುಂದೂಡುವವರೇ ಜಾಸ್ತಿ. ಖಾಲಿ ತೋಟಾ ಹೊರಗೆ ಬೀಳುವುದಿಲ್ಲ, ಹೊಸದು ಅದಕ್ಕೆ ಅಡ್ಡ ಬರುತ್ತದೆ, ಬಂದೂಕು ಕಟ್ಟಿಕೊಳ್ಳುತ್ತದೆ. ವರ್ಷಕ್ಕೆ ನೂರಿನ್ನೂರು ಸುತ್ತು ಅಭ್ಯಾಸ ಮಾಡುವವರಿಗೆ ಅದು ಸರಿ, ಮೂಲೆಯಲ್ಲಿ ಇಟ್ಟು ಮರೆಯುವವರಿಗಲ್ಲ. ಪಂಪ್ ಎಳೆದ ಸದ್ದಿಗೇ ಕಳ್ಳ ಓಡುತ್ತಾನೆ ಅನ್ನುವುದು ಸಿನಿಮಾ ಮಾತು. ನೀವು ಯಾವ ಕೋಣೆಯಲ್ಲಿದ್ದೀರಿ ಅನ್ನುವುದನ್ನು ಮಾತ್ರ ಆ ಸದ್ದು ಅವನಿಗೆ ಹೇಳುತ್ತದೆ.

ಅದಕ್ಕೂ ಮೊದಲು ಲೈಸೆನ್ಸ್ ವಿಚಾರ. ನಿಮ್ಮ ವಿಷಯದಲ್ಲಿ ಬೇರೆಯವರಿಗೆ ಇಲ್ಲದ ಒಂದು ಗಂಟಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ರಕ್ಷಣೆಗಾಗಿ ಕೇಳುವ, 20 ಇಂಚಿಗೆ ಕಡಿಮೆಯಿಲ್ಲದ, ಒಳಮೈ ನುಣುಪಾದ ನಳಿಗೆಯ (12 ಬೋರಿನಂಥ) ಬಂದೂಕಿಗೆ ತಕ್ಕ ಕಾರಣವಿಲ್ಲದೆ ಇಲ್ಲ ಅನ್ನುವಂತಿಲ್ಲ. ರಿವಾಲ್ವರ್‌ಗೆ ಅರ್ಜಿ ಹಾಕಿ ಅಲೆಯುವವರಿಗಿಂತ ನಿಮ್ಮ ದಾರಿ ಸಲೀಸು. ಆದರೆ ದರೋಜಿ 1994ರಿಂದ ಕರಡಿಧಾಮ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದ 10 ಕಿಲೋಮೀಟರ್ ಒಳಗೆ ಹೊಸ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. ಇದು ಗೊತ್ತಿಲ್ಲದೆ ಹಾಕಿದ ಅರ್ಜಿ ತಿಂಗಳುಗಟ್ಟಲೆ ಕಡತದಲ್ಲೇ ಮಲಗಬಹುದು. ನಿಮ್ಮ ಸರ್ವೆ ನಂಬರ್ ಅಭಯಾರಣ್ಯದ ಗಡಿಯಿಂದ ಎಷ್ಟು ದೂರ ಅನ್ನುವುದನ್ನು ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಕೇಳಿ ತಿಳಿದುಕೊಂಡು, ಆಮೇಲೆ ಬಳ್ಳಾರಿ ಜಿಲ್ಲಾಧಿಕಾರಿ ಕಚೇರಿಗೆ ಎ-1 ನಮೂನೆಯಲ್ಲಿ ಅರ್ಜಿ ಹಾಕಿ. ವಯಸ್ಸು 21 ತುಂಬಿರಬೇಕು. ಬಂದೂಕು ಬಳಕೆಯ ತರಬೇತಿ ಪ್ರಮಾಣಪತ್ರ, ವೈದ್ಯರ ಪ್ರಮಾಣಪತ್ರ, ಭದ್ರವಾಗಿ ಇಡುವ ಜಾಗ ಇದೆ ಅನ್ನುವ ಮುಚ್ಚಳಿಕೆ ಕೇಳುತ್ತಾರೆ. ಪೊಲೀಸ್ ವರದಿ ಆದಮೇಲೆ ತೀರ್ಮಾನ. ಬೇಡ ಅಂದರೆ ಕಾರಣವನ್ನು ಬರೆದು ಕೊಡಿ ಅಂತ ಕೇಳಿ. ಮೇಲ್ಮನವಿಗೆ ಅದೇ ಆಧಾರ.

ಇನ್ನು ಬಂದೂಕು. ತೂಕ 3ರಿಂದ 3.4 ಕಿಲೋ, ನಳಿಗೆ 26ರಿಂದ 28 ಇಂಚು ಇದ್ದರೆ ಬಾಗಿಲಲ್ಲಿ ತಿರುಗಿಸಲು ಪರವಾಗಿಲ್ಲ. 30 ಇಂಚಿನದು ಚೌಕಟ್ಟಿಗೆ ಬಡಿಯುತ್ತದೆ. ಉದ್ದ ಆಯಿತು ಅಂತ ನಳಿಗೆ ಕತ್ತರಿಸುವ ಯೋಚನೆಯನ್ನೇ ಮಾಡಬೇಡಿ, ಅದು ಅಪರಾಧ. ಬಟ್ಟಿನ (ಹೆಗಲಿಗೆ ಆನಿಸುವ ಮರದ ಭಾಗದ) ಉದ್ದ ನೋಡುವುದು ಹೀಗೆ: ಮೊಳಕೈ ಮಡಚಿ ಬಟ್ಟಿನ ತುದಿಯನ್ನು ಮಡಿಕೆಗೆ ಆನಿಸಿ, ತೋರುಬೆರಳಿನ ಮೊದಲ ಗೆಣ್ಣು ಟ್ರಿಗರ್ ಮೇಲೆ ಕೂರಬೇಕು. ಹೆಗಲಿಗೆ ಏರಿಸಿದಾಗ ಮೂಗಿಗೂ ಹೆಬ್ಬೆರಳಿಗೂ ನಡುವೆ ಎರಡು ಬೆರಳು ಸಂದು ಇರಲಿ. ಉದ್ದ ಬಟ್ಟು ಕಂಕುಳಿಗೆ ಸಿಕ್ಕಿ ತಡವರಿಸುತ್ತದೆ, ಗಿಡ್ಡದು ಹೆಬ್ಬೆರಳನ್ನು ಮೂಗಿಗೇ ಬಡಿಯುತ್ತದೆ. ಉದ್ದವಾದರೆ ಕಟ್ಟಿಗೆ ಕೆಲಸ ಬಲ್ಲ ಬಂದೂಕು ರಿಪೇರಿಯವರು ಅರ್ಧ ಇಂಚು ಕುಯ್ದು ರಬ್ಬರ್ ಪ್ಯಾಡ್ ಕೂರಿಸಿಕೊಡುತ್ತಾರೆ. ಬಂದೂಕಿಗೆ ಮಾಡಿಸುವ ಕೆಲಸಗಳಲ್ಲಿ ಸಾರ್ಥಕ ಅನ್ನಿಸುವುದು ಇದೊಂದೇ.

ನಳಿಗೆಗೆ ಬ್ಯಾಟರಿ ಕಟ್ಟಿಸಬೇಡಿ. ಕಟ್ಟಿಸಿದರೆ ಯಾವುದನ್ನು ನೋಡಬೇಕೋ ಅದರ ಕಡೆಗೇ ಬಂದೂಕಿನ ಬಾಯಿ ತಿರುಗಿಸಬೇಕಾಗುತ್ತದೆ. ನಡುರಾತ್ರಿ ಬಚ್ಚಲಿಗೆ ಎದ್ದ ಅವ್ವನ ಕಡೆಗೂ. ನೀರು ಕಟ್ಟಲು ಹೋಗುವಾಗ ಹಾಕುವ ಹಣೆಬ್ಯಾಟರಿ ಸಾಕು. ಅದಕ್ಕಿಂತ ಮುಖ್ಯವಾದದ್ದು ಅಂಗಳದ ನಾಲ್ಕು ಮೂಲೆಗೆ ಎಲ್‌ಇಡಿ, ಸ್ವಿಚ್ ಮಾತ್ರ ಮಲಗುವ ಕೋಣೆಯ ಒಳಗೆ. ರಾತ್ರಿ ಕರೆಂಟು ನಂಬುವಂತಿಲ್ಲ, ಆದ್ದರಿಂದ ಅದನ್ನು ಸೋಲಾರ್ ಬ್ಯಾಟರಿಯಿಂದಲೇ ಎಳೆಯಿರಿ. ನೀವು ಕತ್ತಲಲ್ಲಿ, ಬಂದವನು ಬೆಳಕಲ್ಲಿ ಇರಬೇಕು. ಲೇಸರ್, ಬಟ್ಟಿನ ಮೇಲೆ ತೋಟಾ ಸಿಕ್ಕಿಸುವ ಪಟ್ಟಿ, ಇವೆಲ್ಲ ಅಂಗಡಿಯವನಿಗೆ ಲಾಭ. ಎರಡು ಡಮ್ಮಿ (ಮದ್ದಿಲ್ಲದ) ತೋಟಾ, ಒಂದು ಒರೆಸುವ ಸರಳು, ಗಟ್ಟಿ ಕಬ್ಬಿಣದ ಪೆಟ್ಟಿಗೆ ತಗೊಳ್ಳಿ.

ತೋಟಾ ಯಾವುದು ಅನ್ನುವುದು ಗೋಡೆ ನೋಡಿ ತೀರ್ಮಾನಿಸುವ ಮಾತು. ಒಳಗಿನ ಸೀಸದ ಕಾಳಿನ ದಪ್ಪಕ್ಕೆ ತಕ್ಕಂತೆ ತೋಟಾಕ್ಕೆ ಹೆಸರು: ಒಂದು ಔನ್ಸಿಗೆ ಎಲ್‌ಜಿ 6 ಕಾಳು, ಎಸ್‌ಜಿ 8, ಬಿಬಿ 70, ನಾಲ್ಕನೇ ನಂಬರ್ 170. ಎಲ್‌ಜಿಯ ಒಂದು ಸೀಸದ ಕಾಳು 9 ಮಿಲಿಮೀಟರ್ ದಪ್ಪ, ತಗಡಿನ ಶೆಡ್, ಪ್ಲೈವುಡ್ ಬಾಗಿಲು, ಸಿಮೆಂಟ್ ಶೀಟು ಯಾವುದೂ ಅದನ್ನು ತಡೆಯುವುದಿಲ್ಲ. ನಮ್ಮ ಕಡೆಯ ಕಲ್ಲುಗೋಡೆ ತಡೆಯುತ್ತದೆ, ಆದರೆ ಓರೆಯಾಗಿ ಬಿದ್ದ ಕಾಳು ಚಪ್ಪಟೆಯಾಗಿ ಗೋಡೆಗುಂಟ ಜಾರಿಕೊಂಡು ಹೋಗುತ್ತದೆ. ಪಕ್ಕದ ಶೆಡ್ಡಿನಲ್ಲಿ ಆಳು ಮಲಗುತ್ತಾನೆ ಅಂದರೆ ಎಲ್‌ಜಿ ತರಲೇಬೇಡಿ, ಬಿಬಿ ಇರಲಿ. ಚರೆ ಹರಡುತ್ತದೆ, ಗುರಿ ಬೇಡ ಅನ್ನುವ ನಂಬಿಕೆಯೂ ತಪ್ಪು. ಮನೆಯೊಳಗಿನ ಐದು ಮೀಟರ್ ದೂರಕ್ಕೆ ಅದು ಅಂಗೈಯಗಲ ಹರಡಿದರೆ ಹೆಚ್ಚು. ಜೋಡುನಳಿಗೆಯಲ್ಲಿ ಸಾಮಾನ್ಯವಾಗಿ ಮುಂದಿನ ಟ್ರಿಗರ್ ಬಲನಳಿಗೆಗೆ, ಹಿಂದಿನದು ಎಡಕ್ಕೆ. ಬಲದ ಬಾಯಿ ಸ್ವಲ್ಪ ಸಡಿಲ, ಎಡದ್ದು ಬಿಗಿ. ಹತ್ತಿರಕ್ಕೆ ಯಾವಾಗಲೂ ಮುಂದಿನ ಟ್ರಿಗರ್.

ಈಗ ನಿಮಗೆ ಹಿಡಿಸದ ಮಾತು. ಕೇಬಲ್ ಕಳ್ಳನಿಗೆ ಬಂದೂಕು ಉತ್ತರವಲ್ಲ. ಭಾರತೀಯ ನ್ಯಾಯ ಸಂಹಿತೆಯ 41ನೇ ಸೆಕ್ಷನ್, ರಾತ್ರಿ ಮನೆಗೆ ಕನ್ನ ಹಾಕಿದವನ ಮೇಲೆ, ದರೋಡೆಗೆ ಬಂದವನ ಮೇಲೆ, ಮನೆಗೆ ಬೆಂಕಿ ಇಡುವವನ ಮೇಲೆ ಪ್ರಾಣಾಂತಿಕ ಬಲದವರೆಗೂ ಹಕ್ಕು ಕೊಡುತ್ತದೆ. ಅದೂ 37ನೇ ಸೆಕ್ಷನ್ನಿನ ಕಟ್ಟಿನೊಳಗೆ: ಬೇಕಾದಷ್ಟೇ ಬಲ, ಪೊಲೀಸರನ್ನು ಕರೆಯಲು ಸಮಯವಿದ್ದರೆ ಅದೂ ಇಲ್ಲ. ಹೊಲದಾಚೆ ತಂತಿ ಸುತ್ತುತ್ತಿರುವವನ ಮೇಲೆ, ಓಡಿ ಹೋಗುತ್ತಿರುವವನ ಬೆನ್ನಿಗೆ ಹಾರಿಸಿದರೆ ಜೈಲಿಗೆ ಹೋಗುವವರು ನೀವು. ಒಳಗೆ ಚಿಲಕ ಹಾಕಿ, ಎಲ್ಲರನ್ನೂ ಒಂದೇ ಕೋಣೆಗೆ ಸೇರಿಸಿ, 112ಕ್ಕೆ ಫೋನ್ ಮಾಡಿ, ಬಾಗಿಲ ಕಡೆ ಮುಖ ಮಾಡಿ ಕೂರುವುದೇ ಸರಿಯಾದ ಕ್ರಮ. ಹೊರಗೆ ಹುಡುಕಿಕೊಂಡು ಹೋಗಬಾರದು. ಕರಡಿಯೂ ಹಾಗೆಯೇ. ಮೈಮೇಲೆ ಬಂದಾಗ ಪ್ರಾಣ ಉಳಿಸಿಕೊಳ್ಳಲು ಕೊಂದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಸೆಕ್ಷನ್ ರಕ್ಷಣೆ ಇದೆ, ಶೇಂಗಾ ಹೊಲಕ್ಕೆ ಬಂತು ಅಂತ ಹೊಡೆದರೆ ಇಲ್ಲ.

ಇನ್ನೊಂದು. ಲೈಸೆನ್ಸ್ ನಿಮ್ಮೊಬ್ಬರ ಹೆಸರಿಗೆ. ನೀವು ಬಳ್ಳಾರಿಯಲ್ಲಿ ಉಳಿದ ರಾತ್ರಿ ನಿಮ್ಮ ಹೆಂಡತಿ ಆ ಬಂದೂಕು ಎತ್ತುವ ಹಾಗಿಲ್ಲ. ಆ ರಾತ್ರಿಗೂ ಕೆಲಸಕ್ಕೆ ಬರುವುದು ದೀಪ, ಒಳಚಿಲಕ, ನಾಯಿ.

ಪ್ರಶ್ನೆ: ಗಂಗಾವತಿಯ ಹತ್ತಿರ ನಮ್ಮೂರು. ಅಜ್ಜನ ಕಾಲದ ಜೋಡುನಳಿಗೆ ಬಂದೂಕು ಅಪ್ಪನ ಲೈಸೆನ್ಸಿನಲ್ಲಿದೆ. ಅಪ್ಪನಿಗೆ 72. ನನ್ನ ಹೆಸರಿಗೆ ಮಾಡಿಸಬಹುದೇ? ಬಹಳ ವರ್ಷದಿಂದ ಹಾರಿಸಿಲ್ಲ, ಈಗ ಬಳಸಬಹುದೇ?

ಉತ್ತರ: ಹೆಸರಿಗೆ ಮಾಡಿಸಬಹುದು. 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮ ಇದಕ್ಕೇ ಇದೆ: ಲೈಸೆನ್ಸುದಾರರಿಗೆ 70 ತುಂಬಿದ್ದರೆ ಅಥವಾ ಬಂದೂಕು 25 ವರ್ಷ ಅವರಲ್ಲಿದ್ದರೆ, ಯಾವುದು ಮೊದಲೋ ಆಗ ವಾರಸುದಾರರು ಅರ್ಜಿ ಹಾಕಬಹುದು. ಅಣ್ಣತಮ್ಮಂದಿರು, ಅಕ್ಕತಂಗಿಯರಿದ್ದರೆ ಅವರ ಒಪ್ಪಿಗೆಪತ್ರ ಈಗಲೇ ಮಾಡಿಸಿಟ್ಟುಕೊಳ್ಳಿ. ಅಪ್ಪ ಇರುವಾಗ ಅದು ಒಂದು ಸಹಿಯ ಕೆಲಸ, ಆಮೇಲೆ ಆಸ್ತಿ ಪಾಲಿನ ಜೊತೆ ತಳಕು ಹಾಕಿಕೊಳ್ಳುತ್ತದೆ.

ಬಳಸುವ ಮಾತಿಗೆ ಬಂದರೆ, ಪರೀಕ್ಷೆ ಆಗುವ ತನಕ ಒಂದು ತೋಟಾನೂ ಬೇಡ. ಮೊದಲು ಅಪ್ಪನ ಕೈಯಲ್ಲೇ ಬಂದೂಕು ತೆರೆಸಿ, ಖಾಲಿ ಅಂತ ಖಚಿತ ಮಾಡಿಕೊಂಡು, ನಳಿಗೆಗಳನ್ನು ಬಿಚ್ಚಿಸಿ ಬೆಳಕಿಗೆ ಹಿಡಿಸಿ ನೋಡಿ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ 12 ಬೋರಿನ ತೂತು ಹೇಳಿ ಮಾಡಿಸಿದ ಜಾಗ. ಆ ಗೂಡಿನ ಹಿಂದೆ ತೋಟಾ ಸಿಡಿದರೆ ನಳಿಗೆ ಉಬ್ಬುತ್ತದೆ ಇಲ್ಲವೇ ಹರಿಯುತ್ತದೆ, ಮತ್ತು ಹರಿಯುವುದು ಎಡಗೈ ಹಿಡಿದ ಜಾಗದ ಆಸುಪಾಸಿನಲ್ಲಿ. ಒಳಗೋಡೆಯಲ್ಲಿ ಉಂಗುರದ ಹಾಗೆ ನೆರಳು ಕಂಡರೆ ಹಿಂದೊಮ್ಮೆ ಉಬ್ಬಿದೆ ಅಂತ ಅರ್ಥ. ತುಕ್ಕಿನ ಸಣ್ಣ ಚುಕ್ಕೆ ಪರವಾಗಿಲ್ಲ, ಉಗುರಿಗೆ ತಡೆಯುವ ಗುಳಿ ಆಗದು. ನಳಿಗೆಯ ಮೈಮೇಲೆ ಸುರುಳಿ ಸುರುಳಿ ಚಿತ್ತಾರವಿದ್ದರೆ ಅದು ಪಟ್ಟಿ ಬೆಸೆದು ಮಾಡಿದ ಹಳೆಯ ದಮಾಸ್ಕಸ್ ನಳಿಗೆ. ಈಗಿನ ಹೊಗೆಯಿಲ್ಲದ ಮದ್ದಿಗೆ ಅದಲ್ಲ. ಗೋಡೆಗೆ ಹಾಕಿ.

ಹಳೆಯ ಬಂದೂಕಿನಲ್ಲಿ ಜನ ಮೋಸ ಹೋಗುವುದು ತೋಟಾ ಕೂರುವ ಕೋಣೆಯ ಉದ್ದದಲ್ಲಿ. ಆಗಿನ ಎಷ್ಟೋ ಬಂದೂಕುಗಳದು 65 ಮಿಲಿಮೀಟರ್, ಈಗ ಸಿಗುವ ತೋಟಾ ಹೆಚ್ಚಾಗಿ 70. ತಮಾಷೆ ಅಂದರೆ 70ರದ್ದೂ ಅದರಲ್ಲಿ ಸಲೀಸಾಗಿ ಕೂರುತ್ತದೆ, ಯಾಕೆಂದರೆ ಆ ಅಳತೆ ಹಾರಿಸಿ ಬಾಯಿ ಬಿಚ್ಚಿದ ಮೇಲಿನದು. ಹಾರಿದಾಗ ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲದೆ ನಳಿಗೆಯ ಕುತ್ತಿಗೆಗೆ ತುರುಕಿಕೊಳ್ಳುತ್ತದೆ, ಒತ್ತಡ ಏರುತ್ತದೆ. ಕೂತಿತು ಅಂದರೆ ಸರಿ ಅಂತಲ್ಲ. ನಳಿಗೆಯ ಅಡಿಯಲ್ಲಿ ಕೊರೆದಿರುವ ಅಂಕಿ ನೋಡಿ: 65, 70, ಇಲ್ಲವೇ ಇಂಚಿನಲ್ಲಿ 2½, 2¾. ಅಳಿಸಿಹೋಗಿದ್ದರೆ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಹತ್ತಿರ ಗೇಜ್ ಹಾಕಿಸಿ. 20 ಬೋರಿನ ತೋಟಾ ಮನೆಯಲ್ಲಿ ಉಳಿದಿದ್ದರೆ ಇವತ್ತೇ ಬೇರೆ ಮಾಡಿ. ಅದು 12ರ ನಳಿಗೆಯಲ್ಲಿ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ, ಖಾಲಿ ಅಂದುಕೊಂಡು ಹಿಂದೆ 12 ಹಾಕಿದರೆ ಬಂದೂಕು ಉಳಿಯುವುದಿಲ್ಲ.

ಆಮೇಲೆ ಕೀಲು. ಮುಂದಿನ ಮರದ ಹಿಡಿ ಬಿಚ್ಚಿ, ಬಂದೂಕು ಮುಚ್ಚಿ ಅಲುಗಾಡಿಸಿದಾಗ ಟಕಟಕ ಅಂದರೆ ಸವೆದಿದೆ. ಎರಡೂ ಕಡೆ ಡಮ್ಮಿ ತೋಟಾ ಹಾಕಿ ಮುಂದಿನ ಟ್ರಿಗರ್ ಒತ್ತಿ, ಬಟ್ಟಿಗೆ ಅಂಗೈಯಿಂದ ಜೋರಾಗಿ ಬಡಿಯಿರಿ. ಹಿಂದಿನ ಟ್ರಿಗರ್ ಮುಟ್ಟದೆಯೇ ಎರಡನೆಯದೂ ಟಪ್ ಅಂದರೆ, ನಿಜವಾಗಿ ಹಾರಿಸಿದ ದಿನ ಎರಡೂ ಒಟ್ಟಿಗೇ ಹಾರುತ್ತವೆ. ಸೇಫ್ಟಿಯನ್ನೂ ಪೂರ್ತಿ ನಂಬಬೇಡಿ. ಹೆಚ್ಚಿನ ಜೋಡುನಳಿಗೆಗಳಲ್ಲಿ ಅದು ಟ್ರಿಗರನ್ನಷ್ಟೇ ತಡೆಯುತ್ತದೆ, ಒಳಗಿನ ಸುತ್ತಿಗೆಯನ್ನಲ್ಲ. ಕೈಜಾರಿ ಬಿದ್ದರೆ ಸೇಫ್ಟಿ ಹಾಕಿದ್ದ ಬಂದೂಕೂ ಸಿಡಿಯಬಹುದು. ಅದಕ್ಕೇ ಮನೆಯಲ್ಲಿ ತೋಟಾ ತುಂಬಿ ಇಡಬಾರದು ಅನ್ನುವುದು.

ಪ್ರಶ್ನೆ: ಲಿಂಗಸುಗೂರಿನಲ್ಲಿ ನಮ್ಮದು ತಗಡಿನ ಮನೆ. ಬಂದೂಕನ್ನು ಕ್ಯಾನ್ವಾಸ್ ಚೀಲದಲ್ಲಿ ಹಾಕಿ, ಕೊಬ್ಬರಿ ಎಣ್ಣೆ ಸವರಿ ಇಟ್ಟರೂ ತುಕ್ಕು ಹಿಡಿಯುತ್ತದೆ. ಯಾಕೆ?

ಉತ್ತರ: ಆ ಚೀಲದಿಂದಲೇ. ಮಳೆಗಾಲದ ತೇವ ಅದರಲ್ಲಿ ಕೂತರೆ ಒಣಗುವುದೇ ಇಲ್ಲ. ಕೊಬ್ಬರಿ ಎಣ್ಣೆ ಕೆಲವು ತಿಂಗಳಿಗೆ ಅಂಟಾಗಿ, ಧೂಳು ಹಿಡಿದು, ಟ್ರಿಗರಿನ ಯಂತ್ರದ ಒಳಗೆ ಮರಳು ಕಾಗದದ ಕೆಲಸ ಮಾಡುತ್ತದೆ. ಸಂಡೂರಿನ ಗಣಿ ಕಡೆಯ ಕೆಂಪು ಧೂಳಿಗಂತೂ ಇದು ಇನ್ನೂ ಕೆಟ್ಟದ್ದು. ಬಂದೂಕಿನ ಎಣ್ಣೆ, ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ, ಬಟ್ಟೆಗೆ ನಾಲ್ಕು ಹನಿ ಹಾಕಿ ಸವರಿ, ಒಣಬಟ್ಟೆಯಿಂದ ಮತ್ತೆ ಒರೆಸಿ. ತೋಟಾ ಕೂರುವ ಕೋಣೆ ಪೂರ್ತಿ ಒಣಗಿರಲಿ. ಅಲ್ಲಿ ಎಣ್ಣೆ ಇದ್ದರೆ ತೋಟಾ ಗೋಡೆಗೆ ಹಿಡಿದುಕೊಳ್ಳದೆ ಹಿಂದಿನ ಕೀಲಿನ ಮೇಲೆ ಪೂರ್ತಿ ಒದೆ ಬೀಳುತ್ತದೆ. ಬಂದೂಕು ಕಬ್ಬಿಣದ ಪೆಟ್ಟಿಗೆಯಲ್ಲಿ, ಬಾಯಿ ಕೆಳಗೆ ಮಾಡಿ ನಿಲ್ಲಿಸಿ. ಎಣ್ಣೆ ಇಳಿದು ಬಟ್ಟಿನ ಮರ ನೆನೆಯುವುದಿಲ್ಲ. ತೋಟಾಗಳು ಬೇರೆ ಬೀಗದಲ್ಲಿ, ತಗಡಿಗೆ ತಾಗದ ತಂಪು ಗೋಡೆಯ ಕಡೆ. ಬೇಸಿಗೆಯಲ್ಲಿ ತಗಡಿನಡಿ ಕಾದ ತೋಟಾಗಳ ಮದ್ದು ಬೇಗ ಹಾಳಾಗುತ್ತದೆ. ಉಬ್ಬಿದ, ಹಿತ್ತಾಳೆಗೆ ಹಸಿರು ಕಟ್ಟಿದ ತೋಟಾ ಹಾರಿಸಬೇಡಿ. ಹಾರಿಸಿದಾಗ ಬರೀ ಪುಸ್ ಅಂದರೆ ಬಾಯಿ ಸುರಕ್ಷಿತ ಕಡೆಗಿಟ್ಟು ಅರ್ಧ ನಿಮಿಷ ಕಾದು, ತೆರೆದು, ನಳಿಗೆಯಲ್ಲಿ ಬಿರಡೆ (ತೋಟಾದೊಳಗೆ ಮದ್ದಿಗೂ ಚರೆಗೂ ನಡುವಿನ ಅಡ್ಡ) ಉಳಿದಿದೆಯಾ ಅಂತ ನೋಡಿಯೇ ಮುಂದಿನದು.

ಪ್ರಶ್ನೆ: ಕಳ್ಳರನ್ನು ಹೆದರಿಸಲು ಗಾಳಿಯಲ್ಲಿ ಒಂದು ಗುಂಡು ಹಾರಿಸಿದರೆ ತಪ್ಪೇನು? ಲೈಸೆನ್ಸ್ ಇದೆಯಲ್ಲ?

ಉತ್ತರ: ಲೈಸೆನ್ಸ್ ಇದ್ದರೂ ತಪ್ಪು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಬೇರೆಯವರ ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ಹಾರಿಸಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮದುವೆ ಮೆರವಣಿಗೆಯ ಗುಂಡಿಗೂ ಇದೇ ಸೆಕ್ಷನ್. ಲೈಸೆನ್ಸ್ ಹೋಗುವ ಅಪಾಯ ಬೇರೆ. ಎರಡೇ ತೋಟಾ ಹಿಡಿಯುವ ಬಂದೂಕಿನಲ್ಲಿ ಒಂದನ್ನು ಆಕಾಶಕ್ಕೆ ಕೊಟ್ಟರೆ ಉಳಿಯುವುದೂ ಒಂದೇ. ಹೆದರಿಸಬೇಕಿದ್ದರೆ ಪಂಚಾಯ್ತಿ ಮೈಕಿನ ಹಾರ್ನ್‌ನಂಥದ್ದೊಂದನ್ನು ಮಾಳಿಗೆ ಮೇಲೆ ಕೂರಿಸಿ, ಸೈರನ್ ಸ್ವಿಚ್ಚನ್ನು ಮಂಚದ ಪಕ್ಕಕ್ಕೆ ಎಳೆಯಿರಿ. ಅದಕ್ಕೆ ಲೈಸೆನ್ಸ್ ಬೇಡ, ಮತ್ತು ಅದನ್ನು ಮನೆಯಲ್ಲಿ ಯಾರು ಬೇಕಾದರೂ ಒತ್ತಬಹುದು.