ಕಾರ್ಡಿನಲ್ಲಿ ಹಸಿರು, ಆದರೂ ತೂಕ ಹೆಚ್ಚೇ?

ಪ್ರಶ್ನೆ: ಮಗನಿಗೆ 4 ವರ್ಷ 2 ತಿಂಗಳು. ತೂಕ 21 ಕೆ.ಜಿ., ಎತ್ತರ 104 ಸೆಂ.ಮೀ. ತಾಯಿ ಕಾರ್ಡಿನ ಪಟ್ಟಿಯಲ್ಲಿ ಹಸಿರಿನಲ್ಲೇ ಇದ್ದಾನೆ. ಅಂಗನವಾಡಿ ಟೀಚರ್ ಮಾತ್ರ ಮೊಬೈಲಿನಲ್ಲಿ ನಮೂದಿಸಿ ‘ತೂಕ ಹೆಚ್ಚು’ ಎಂದರು. ‘ಮೈಕೈ ತುಂಬಿಕೊಂಡ ಮಗುವಿಗೆ ಕಣ್ಣು ಹಾಕಬೇಡಿ, ಬೆಳೆದಂತೆ ಕರಗುತ್ತದೆ’ ಎನ್ನುತ್ತಾರೆ ಅತ್ತೆ. ಮನೆಯಲ್ಲೇ ಹಸುಗಳಿವೆ, ಅಂಗಡಿಯ ‘ಆರೋಗ್ಯ ಪೇಯ’ದ ಪುಡಿ, ಸಕ್ಕರೆ ಹಾಕಿದ ಹಾಲನ್ನು ದಿನಕ್ಕೆ ಮೂರು ಲೋಟ ಕುಡಿಯುತ್ತಾನೆ. ಮುದ್ದೆ ಮುಟ್ಟುವುದಿಲ್ಲ. ಮೊಬೈಲ್ ತೋರಿಸಿದರೆ ಅನ್ನ ತಿನ್ನುತ್ತಾನೆ. ಹಾಲು, ತುಪ್ಪ ನಿಲ್ಲಿಸಬೇಕೇ?
– ಓದುಗರು, ಶ್ರೀನಿವಾಸಪುರ

ಉತ್ತರ: ಟೀಚರ್ ಹೇಳಿದ್ದು ಸರಿ, ಕಾರ್ಡೂ ಸುಳ್ಳು ಹೇಳುತ್ತಿಲ್ಲ. ಕಾರ್ಡಿನ ಆ ಪಟ್ಟಿ ವಯಸ್ಸಿಗೆ ತಕ್ಕ ತೂಕವನ್ನಷ್ಟೇ ನೋಡುತ್ತದೆ. ಸೊರಗಿದ ಮಕ್ಕಳನ್ನು ಹುಡುಕಲು ಅದು ಬೇಕು. ದಪ್ಪವನ್ನು ತಿಳಿಯಲು ಎತ್ತರಕ್ಕೆ ತಕ್ಕ ತೂಕ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡದ ಪ್ರಕಾರ 104 ಸೆಂ.ಮೀ. ಎತ್ತರದ ಹುಡುಗನ ತೂಕ 17 ಕೆ.ಜಿ. ಆಸುಪಾಸಿನಲ್ಲಿರುತ್ತದೆ. 20 ದಾಟಿದರೆ ಅಧಿಕ ತೂಕ, 22ರ ಹತ್ತಿರ ಬಂದರೆ ಬೊಜ್ಜು. ನಿಮ್ಮ ಮಗ ಇವೆರಡರ ನಡುವೆ ಇದ್ದಾನೆ.

ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಒಂದು ವರ್ಷ ತುಂಬಿದ ಮೇಲೆ ಮಕ್ಕಳ ಮೈ ತಾನಾಗಿ ತೆಳ್ಳಗಾಗುತ್ತಾ ಹೋಗಿ, ಐದಾರು ವರ್ಷದ ನಂತರ ಮತ್ತೆ ತುಂಬಿಕೊಳ್ಳುತ್ತದೆ. ಅಂದರೆ ನಾಲ್ಕರ ಹರೆಯ ಕರಗುವ ಕಾಲವೇ. ಈಗಲೇ ತೂಕ ಏರುತ್ತಿದ್ದರೆ, ಮುಂದೆ ಅದು ಉಳಿದುಕೊಳ್ಳುವ ಸಾಧ್ಯತೆ ಹೆಚ್ಚು. ನಮ್ಮ ಹಳ್ಳಿಗಳಲ್ಲಿ ಇದೆಲ್ಲಿ ಎನ್ನುವವರಿಗೆ ಒಂದು ಮಾತು: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಅಧಿಕ ತೂಕದ ಮಕ್ಕಳ ಪ್ರಮಾಣ 2015–16ರಲ್ಲಿ ಶೇ 2.1 ಇತ್ತು, 2019–21ರಲ್ಲಿ ಶೇ 3.4ಕ್ಕೆ ಏರಿತು.

ಈಗ ಹಾಲಿನ ಲೆಕ್ಕ. 200 ಮಿ.ಲೀ. ಹಸುವಿನ ಹಾಲಿಗೆ ಸುಮಾರು 130 ಕ್ಯಾಲೊರಿ, ಎರಡು ಚಮಚ ಸಕ್ಕರೆಗೆ 40, ಪುಡಿಗೆ 75. ಮೂರು ಲೋಟಕ್ಕೆ 700 ದಾಟಿತು! ಈ ವಯಸ್ಸಿನ ಮಗುವಿಗೆ ಇಡೀ ದಿನಕ್ಕೆ ಬೇಕಾದದ್ದು 1,300ರ ಸುಮಾರು. ಅರ್ಧಕ್ಕಿಂತ ಹೆಚ್ಚು ಲೋಟದಲ್ಲೇ ಮುಗಿದ ಮೇಲೆ ಮುದ್ದೆಗೆ ಹಸಿವೆಲ್ಲಿ ಉಳಿಯುತ್ತದೆ? ಅತಿಯಾದ ಹಾಲಿನಿಂದ ಕಬ್ಬಿಣಾಂಶವೂ ಕೊರತೆಯಾಗುತ್ತದೆ. ದಪ್ಪಗಿರುವ ಮಗುವಿಗೂ ರಕ್ತಹೀನತೆ ಬರಬಹುದು.

ಹಾಲು ನಿಲ್ಲಿಸಬೇಡಿ. ಎರಡು ಲೋಟ ಸಾಕು, ಸಕ್ಕರೆ ಮತ್ತು ಪುಡಿ ಇಲ್ಲದೆ. ಇಂಥ ಪೇಯಗಳನ್ನು ‘ಆರೋಗ್ಯ ಪೇಯ’ದ ಪಟ್ಟಿಯಿಂದ ತೆಗೆಯುವಂತೆ ಕೇಂದ್ರ ಸರ್ಕಾರವೇ 2024ರಲ್ಲಿ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತ್ತು. ಸಿಹಿಯನ್ನು ವಾರಕ್ಕಿಷ್ಟು ಎಂದು ಇಳಿಸುತ್ತಾ ಬನ್ನಿ. ಒಂದೇ ದಿನ ನಿಲ್ಲಿಸಿದರೆ ರಂಪ ಗ್ಯಾರಂಟಿ. ಬದಲಿಗೆ ರಾಗಿ ಗಂಜಿಗೆ ಬೆಲ್ಲ ಸುರಿದರೆ ಏನೂ ಬದಲಾಗಲಿಲ್ಲ ಎಂದೇ ಅರ್ಥ. ಸಾರಿನ ಮೇಲಿನ ಒಂದು ಚಮಚ ತುಪ್ಪದ ಮೇಲೆ ನನಗೆ ಸಿಟ್ಟಿಲ್ಲ. ಮನೆಯವರೆಲ್ಲ ಉಣ್ಣುವ ಬಸ್ಸಾರು, ಅವರೆಕಾಳು ಸಾರನ್ನೇ ಅವನಿಗೂ ಬಡಿಸಿ. ಎಷ್ಟು ತಿನ್ನಬೇಕೆಂದು ಅವನೇ ತೀರ್ಮಾನಿಸಲಿ. ‘ಇನ್ನೊಂದು ತುತ್ತು’ ಎನ್ನುವ ಒತ್ತಾಯ ಬೇಡ. ಮೊಬೈಲ್ ನೋಡುತ್ತಾ ತಿನ್ನುವ ಮಗುವಿಗೆ ಹೊಟ್ಟೆ ತುಂಬಿದ್ದು ಗೊತ್ತಾಗುವುದಿಲ್ಲ. ಊಟದ ಹೊತ್ತಿನಲ್ಲಿ ಅದು ಯಾರ ಕೈಯಲ್ಲೂ ಇರಬಾರದು, ಅಪ್ಪನ ಕೈಯಲ್ಲೂ.

ಈ ವಯಸ್ಸಿಗೆ ದಿನಕ್ಕೆ ಮೂರು ಗಂಟೆ ಓಡಾಟ ಬೇಕು. ಔಷಧಿ ಹೊಡೆದ ದಿನಗಳನ್ನು ಬಿಟ್ಟು ಟೊಮೆಟೊ ತೋಟದಲ್ಲಿ ನಿಮ್ಮ ಜೊತೆ ಅಲೆಯಲಿ.

ತೂಕ ಇಳಿಸುವ ಗುರಿ ಬೇಡ, ಪಥ್ಯವಂತೂ ಬೇಡವೇ ಬೇಡ. ವರ್ಷಕ್ಕೆ ಆರು ಸೆಂ.ಮೀ. ಬೆಳೆದು 21 ಕೆ.ಜಿ.ಯಲ್ಲೇ ನಿಂತರೂ ಅವನ ತೂಕ ಎತ್ತರಕ್ಕೆ ಹೊಂದಿಕೊಳ್ಳುತ್ತಾ ಬರುತ್ತದೆ. ಎತ್ತರವೇ ಬೆಳೆಯದಿದ್ದರೆ, ಗೊರಕೆ ಹೊಡೆಯುತ್ತಿದ್ದರೆ, ಕತ್ತಿನ ಚರ್ಮ ಕಪ್ಪಾಗಿ ದಪ್ಪವಾದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಪ್ರಶ್ನೆ: 3 ವರ್ಷದ ಮಗಳಿಗೆ ಬಿಸ್ಕತ್ತಿನ ಬದಲು ಪ್ಯಾಕೆಟ್ ಮಾವಿನ ಜ್ಯೂಸ್ ಕೊಡಬಹುದೇ?
– ಓದುಗರು, ಮುಳಬಾಗಿಲು

ಉತ್ತರ: ಬೇಡ. ಪ್ಯಾಕೆಟ್ಟಿನ ಹಿಂಬದಿ ಓದಿ: ಹಣ್ಣಿನ ರಸ ಕಡಿಮೆ, ನೀರು ಮತ್ತು ಸಕ್ಕರೆಯೇ ಹೆಚ್ಚು. ಕೋಲಾರ ಜಿಲ್ಲೆಯಲ್ಲಿದ್ದುಕೊಂಡು ಮಾವನ್ನು ಪ್ಯಾಕೆಟ್ಟಿನಲ್ಲಿ ಕುಡಿಸುವುದೇ? ಹಣ್ಣನ್ನೇ ಹೆಚ್ಚಿ ಕೊಡಿ. ಮಾವಿನ ಕಾಲ ಮುಗಿದ ಮೇಲೆ ಸೀಬೆ, ಪಪ್ಪಾಯಿ, ಬಾಳೆಹಣ್ಣು ಆಗುತ್ತದೆ.